ಹಂದಿಯ ಆಹಾರದಲ್ಲಿ ಸಸ್ಯಗಳ ಸುಗಂಧತೈಲ: ಒಂದು ಐತಿಹಾಸಿಕ ವಿವೇಚನೆ

ತುರ್ವಿಹಾಳದ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಕಂಡ ಬಂಡೆಬರಹವು ಅಶೋಕನ ಹೆಸರನ್ನು ತಿಳಿಸಿದ ಮೊದಲ ಶಾಸನವೆಂಬುದು ಸುವಿದಿತ. ಅದೇ ಚಕ್ರವರ್ತಿಯ ಎರಡನೆಯ ಪ್ರಧಾನ ಶಿಲಾಶಾಸನದ ಒಂದು ಪ್ರತಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಮನುಷ್ಯರಿಗಲ್ಲದೆ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡಾದುದನ್ನೂ, ಔಷಧಿಯ ಗಿಡಮೂಲಿಕೆಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಅದು ಹೇಳುತ್ತದೆ. ಕ್ರಿ.ಶ. 1100ರ ಆಸುಪಾಸಿನಲ್ಲಿ ಚಾಳುಕ್ಯ ರಾಜಕುಮಾರ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು, ಅದರಲ್ಲಿ ಔಷಧವೂ ಮಂತ್ರವೂ ಬೆರೆತಿವೆ. ಪಶುಗಳಿಗೆ ಸಸ್ಯೌಷಧ ಕೊಡುವ ಪದ್ಧತಿ ನಮ್ಮಲ್ಲಿ ಪ್ರಾಚೀನವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂದು ಹಂದಿಗಳ ಆಹಾರದಲ್ಲಿ ಬೆರೆಸುವ ಸುಗಂಧತೈಲಗಳು ಆ ಪರಂಪರೆಯ ನೇರ ಮುಂದುವರಿಕೆಯಲ್ಲ. ಅವುಗಳ ಬಳಕೆ ಪ್ರಬಲವಾದುದು ಬೇರೊಂದು ಸಂಕಟದಿಂದ ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಆ ಸಂಕಟದ ಮೂಲವು ಆಂಟಿಬಯಾಟಿಕ್ ಎಂದು ಪ್ರಸಿದ್ಧವಾದ ಪ್ರತಿಜೀವಕ ಔಷಧಗಳಲ್ಲಿದೆ. ಆರಿಯೊಮೈಸಿನ್ ತಯಾರಿಸಿದ ಮೇಲೆ ಉಳಿಯುವ ಪದಾರ್ಥವನ್ನು ತಿನ್ನಿಸಿದರೆ ಕೋಳಿಮರಿಗಳು ಬೇಗ ಬೆಳೆಯುತ್ತವೆಂದು ಅಮೆರಿಕದ ಸ್ಟೋಕ್‌ಸ್ಟಡ್ ಮತ್ತು ಜ್ಯೂಕ್ಸ್ 1950ರ ಸುಮಾರಿಗೆ ಪ್ರಕಟಿಸಿದರು. ಹಂದಿಗಳಲ್ಲಿಯೂ ಇಂಥದೇ ಫಲ ಕಂಡುಬಂದಿತು. ರೋಗವಿಲ್ಲದಿದ್ದರೂ ದಿನವೂ ಅಲ್ಪಪ್ರಮಾಣದಲ್ಲಿ ಔಷಧ ಬೆರೆಸುವ ವಾಡಿಕೆ ಹಲವು ದೇಶಗಳಲ್ಲಿ ಬೇರೂರಿತು. ಇದರಿಂದ ಔಷಧಕ್ಕೆ ಜಗ್ಗದ ರೋಗಾಣುಗಳು ಬಲಿಯುವುವೆಂಬ ಭೀತಿಯನ್ನು ಬ್ರಿಟನ್ನಿನ ಸ್ವಾನ್ ಸಮಿತಿಯು 1969ರಲ್ಲಿ ಪ್ರಕಟವಾಗಿ ಹೇಳಿತು. ಸ್ವೀಡನ್ 1986ರಲ್ಲಿಯೂ, ಐರೋಪ್ಯ ಒಕ್ಕೂಟವು 2006ರ ಜನವರಿ 1ರಿಂದ ಸಂಪೂರ್ಣವಾಗಿಯೂ ಬೆಳವಣಿಗೆಗಾಗಿ ಇವನ್ನು ಬೆರೆಸುವುದನ್ನು ನಿಷೇಧಿಸಿದವು. ಮನುಷ್ಯನ ಚಿಕಿತ್ಸೆಯಲ್ಲಿ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಮೀರುವ, ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲ ಗುಣಾಣು ಚೀನಾದ ಹಂದಿಗಳಲ್ಲಿ ದೊರೆತುದು 2015ರಲ್ಲಿ ವರದಿಯಾಯಿತು. ಭಾರತ ಸರ್ಕಾರವು 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಲ್ಲಿಸಿತು. ಹಂದಿಗೂಡಿನ ಪ್ರಶ್ನೆ ಹೀಗೆ ಆಸ್ಪತ್ರೆಯ ಪ್ರಶ್ನೆಯಾಯಿತು.

ಈ ತೆರವನ್ನು ತುಂಬಲು ವಿಜ್ಞಾನಿಗಳು ಸುಗಂಧತೈಲಗಳತ್ತ ತಿರುಗಿದರು. ಓಮದ ಕಾಳಿನಲ್ಲಿ ಹೇರಳವಾಗಿರುವ ಥೈಮಾಲ್, ನಮ್ಮ ಹಿತ್ತಿಲ ದೊಡ್ಡಪತ್ರೆಯಲ್ಲಿಯೂ ಯೂರೋಪಿನ ಒರೆಗಾನೊ ಗಿಡದಲ್ಲಿಯೂ ದೊರೆಯುವ ಕಾರ್ವಕ್ರಾಲ್ ಇವುಗಳಲ್ಲಿ ಮುಖ್ಯವಾದವು. ಇವು ರೋಗಾಣುವಿನ ಹೊರಪೊರೆಯನ್ನು ಸಡಿಲಿಸಿ ಅದರ ಒಳದ್ರವ್ಯ ಸೋರಿಹೋಗುವಂತೆ ಮಾಡುತ್ತವೆ. ತಾಯಿಹಾಲು ಬಿಡಿಸಿದ ಹಂದಿಮರಿಗಳಿಗೆ ಭೇದಿಯ ಕಾಟ ಹೆಚ್ಚಾದುದರಿಂದ ಪ್ರಯೋಗಗಳು ಬಹುಮಟ್ಟಿಗೆ ಆ ವಯಸ್ಸಿನಲ್ಲಿಯೇ ನಡೆದಿವೆ.

ಪ್ರಯೋಗಗಳ ಫಲ ಮಾತ್ರ ಏಕರೂಪವಾಗಿಲ್ಲ. ಕೆಲವೆಡೆ ತೂಕ ಹೆಚ್ಚಿದೆ, ಕೆಲವೆಡೆ ವ್ಯತ್ಯಾಸವೇ ಕಂಡಿಲ್ಲ. ತೈಲವು ಆವಿಯಾಗಿ ಹಾರಿಹೋಗುತ್ತದೆ. ಹೊಟ್ಟೆಗೆ ಸೇರಿದುದರ ಬಹುಭಾಗವು ಜಠರದಲ್ಲಿಯೂ ಸಣ್ಣಕರುಳಿನ ಆದಿಭಾಗದಲ್ಲಿಯೂ ಹೀರಲ್ಪಟ್ಟು ಮುಂದೆ ತಲುಪುವುದಿಲ್ಲ. ಆದಕಾರಣ ಅದನ್ನು ಕೊಬ್ಬಿನ ಪೊರೆಯೊಳಗೆ ಅಡಗಿಸಿ ಕೊಡುವ ವಿಧಾನ ರೂಢಿಗೆ ಬಂದಿದೆ. ಪ್ರಮಾಣ ಮಿತಿಮೀರಿದರೆ ತೀಕ್ಷ್ಣ ವಾಸನೆಗೆ ಮರಿಗಳು ಆಹಾರವನ್ನೇ ಮುಟ್ಟದಿರಬಹುದು.

ಇದೆಲ್ಲವನ್ನು ಪೂರ್ವಿಕರು ಅರಿತಿದ್ದರೆಂದು ಹೆಮ್ಮೆಪಡುವುದು ಇತಿಹಾಸವಲ್ಲ. ಎರ್ರಗುಡಿಯ ಶಾಸನದಲ್ಲಿ ತೈಲದ ಮಾತಿಲ್ಲ, ಕೀರ್ತಿವರ್ಮನ ಕೃತಿ ಗೋವುಗಳನ್ನು ಕುರಿತದ್ದು. ಪ್ರಾಚೀನರದೆಲ್ಲ ಮೌಢ್ಯವೆಂದು ತಳ್ಳಿಹಾಕುವುದೂ ಸಲ್ಲದು. ‘ಗೋವೈದ್ಯ’ದಲ್ಲಿ ಬೆರೆತಿರುವ ಔಷಧವನ್ನೂ ಮಂತ್ರವನ್ನೂ ಬೇರ್ಪಡಿಸಬಲ್ಲುದು ಪರೀಕ್ಷೆಯೊಂದೇ. ಒಂದೇ ಸೂಲಿನ ಮರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ತೈಲ ಕೊಟ್ಟು, ಎರಡನ್ನೂ ತೂಗಿ ನೋಡುವುದು ಅಂಥ ಪರೀಕ್ಷೆ. 1950ರ ತರುವಾಯ ತೂಕವೊಂದನ್ನೇ ಲೆಕ್ಕಿಸಿದುದರಿಂದ ಉಂಟಾದ ಹಾನಿಯನ್ನು ನೆನೆದರೆ, ತೂಕದೊಡನೆ ರೋಗಾಣುಗಳ ಬದಲಾವಣೆಯನ್ನೂ ಬರೆದಿಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.