ಬಂದೂಕಿನ ನಳಿಗೆ ಹಾಡಿದ ಕಥೆ



ನಮ್ಮ ನಾರ್ವದ ಕ್ವಾಯರ್‌ನಲ್ಲಿ ಇರುವುದು ಒಂದು ಹಾರ್ಮೋನಿಯಂ, ಒಂದು ಢೋಲಕ್, ಎರಡು ಜೊತೆ ತಾಳ ಮತ್ತು ಒಂದು ಹಳೆಯ ಕೀಬೋರ್ಡ್. "ಇದೂ ಒಂದು ಮೇಳವೇ?" ಎಂದು ನಮ್ಮಲ್ಲೇ ಕೆಲವರು ನಕ್ಕಿದ್ದುಂಟು. ಅದಕ್ಕೇ ಇಂದು ನೂರು ವರ್ಷಗಳ ಹಿಂದಿನ ಒಂದು ಮಕ್ಕಳ ಮೇಳದ ಚರಿತ್ರೆ ಹೇಳುತ್ತೇವೆ.

ಈ ಚರಿತ್ರೆಯ ಒಂದು ಕೊಂಡಿ ನಮ್ಮ ಪಕ್ಕದ ರಾಯಚೂರಿನಲ್ಲೇ ಇದೆ. ಅಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು (1932–2024). ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು ಸರೋದನ್ನೇ ಬಾಳಾಗಿಸಿಕೊಂಡರು. ಅವರ ಗುರು ಅಲಿ ಅಕ್ಬರ್ ಖಾನ್. ಅಲಿ ಅಕ್ಬರರ ತಂದೆಯೂ ಗುರುವೂ ಆದವರು ಬಾಬಾ ಅಲ್ಲಾವುದ್ದೀನ್ ಖಾನ್. ಈ ಬಾಬಾ ಕಟ್ಟಿದ್ದೇ 'ಮೈಹರ್ ಬ್ಯಾಂಡ್'.

ಬಾಬಾ ಹುಟ್ಟಿದ್ದು ಇಂದಿನ ಬಾಂಗ್ಲಾದೇಶದ ಒಂದು ಹಳ್ಳಿಯಲ್ಲಿ. ಸಂಗೀತದ ಹುಚ್ಚಿಗೆ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಕಲ್ಕತ್ತೆ ಸೇರಿದರು. ಹೊಟ್ಟೆಪಾಡಿಗೆ ನಾಟಕ ಕಂಪನಿಯಲ್ಲಿ ವಾದ್ಯ ನುಡಿಸಿದರು. ಅವರಿಗೆ ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲು ಕಲಿಸಿದವರು ಲೋಬೋ ಎಂಬ ಗೋವಾದ ಬ್ಯಾಂಡ್ ಮಾಸ್ಟರ್. ಮುಂದೆ ರಾಂಪುರದಲ್ಲಿ ಬೀನ್‌ಕಾರ ವಜೀರ್ ಖಾನರ ಶಿಷ್ಯರಾದರು. ಹೀಗೆ ಚರ್ಚಿನ ಪರಂಪರೆಯ ಕೈಯೂ ದರ್ಬಾರಿನ ಕೈಯೂ ಅವರ ತಲೆಯ ಮೇಲಿದ್ದವು.

1918ರಲ್ಲಿ ಬಾಬಾ ಇಂದಿನ ಮಧ್ಯಪ್ರದೇಶದಲ್ಲಿರುವ ಮೈಹರ್ ಸಂಸ್ಥಾನಕ್ಕೆ ಬಂದರು. ಅಲ್ಲಿನ ರಾಜ ಬ್ರಿಜನಾಥ ಸಿಂಗ್ ಅವರ ಶಿಷ್ಯರಾದರು. ಅದೇ ವರ್ಷ ಇನ್‌ಫ್ಲುಯೆಂಜಾ ಜ್ವರ ನಮ್ಮ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ಪಿಡುಗಿನ ಕಾಲದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಬಾಬಾ ಕೂಡಿಸಿಕೊಂಡರು. ಅನ್ನದ ಜೊತೆಗೆ ಒಬ್ಬೊಬ್ಬರಿಗೆ ಒಂದೊಂದು ವಾದ್ಯ ಕಲಿಸಿದರು.

ಆ ವಾದ್ಯಗಳ ಕೂಟ ಎಲ್ಲಿಯೂ ಇಲ್ಲದ್ದು. ಸಿತಾರ್, ಸಾರಂಗಿ, ಇಸ್ರಾಜ್, ತಬಲಾ ಇದ್ದವು. ಪಕ್ಕದಲ್ಲೇ ಪಿಟೀಲು, ಚೆಲ್ಲೋ, ಹಾರ್ಮೋನಿಯಂ. ಸಿತಾರ್ ಮತ್ತು ಬ್ಯಾಂಜೋ ಸೇರಿಸಿ ಬಾಬಾ ಮಾಡಿಸಿದ ಒಂದು ಹೊಸ ವಾದ್ಯ. ಎಲ್ಲಕ್ಕಿಂತ ಬೆರಗಿನದು 'ನಳ ತರಂಗ'. ಬಂದೂಕಿನ ನಳಿಗೆಗಳನ್ನು ಉದ್ದಗಿಡ್ಡವಾಗಿ ಕತ್ತರಿಸಿ, ಶ್ರುತಿ ಮಾಡಿ, ಸಾಲಾಗಿ ಜೋಡಿಸಿದರು. ಉದ್ದ ನಳಿಗೆಗೆ ತಗ್ಗಿನ ಸ್ವರ, ಗಿಡ್ಡ ನಳಿಗೆಗೆ ಏರು ಸ್ವರ. ಎರಡು ಕೋಲುಗಳಿಂದ ಬಡಿದರೆ ಗಂಟೆಯಂಥ ನಾದ. ಕತ್ತಿ ನೇಗಿಲ ಗುಳವಾಗುವ ಕನಸನ್ನು ಯೆಶಾಯ ಪ್ರವಾದಿ ಕಂಡಿದ್ದ. ತಬ್ಬಲಿ ಮಕ್ಕಳ ಕೈಯಲ್ಲಿ ಬಂದೂಕು ಹಾಡಿತು.

ಬಾಬಾ ಮೆತ್ತನೆಯ ಗುರುವೇನಲ್ಲ. ಅವರ ಸಿಟ್ಟಿನ ಕಥೆಗಳನ್ನು ಶಿಷ್ಯರೇ ಹೇಳಿದ್ದಾರೆ. ಆ ಸಿಟ್ಟನ್ನು ನಾವು ಹೊಗಳುವುದಿಲ್ಲ. ಆದರೆ "ನಿನ್ನಿಂದಾಗದು" ಎಂದು ಊರು ಕೈಬಿಡಬಹುದಾಗಿದ್ದ ಮಕ್ಕಳನ್ನು ಅವರು ಕೈಬಿಡಲಿಲ್ಲ. ಸ್ವರಲಿಪಿ ಓದಲು ಬಾರದ ಆ ಮಕ್ಕಳು ಕಿವಿಯಿಂದ ಕೇಳಿ, ನೆನಪಿನಲ್ಲಿಟ್ಟುಕೊಂಡು, ರಾಗದ ಗತ್‌ಗಳನ್ನು ಒಟ್ಟಾಗಿ ನುಡಿಸಿದರು. 1920ರ ದಶಕದಲ್ಲಿ ಲಖನೌ ಸಂಗೀತ ಸಮ್ಮೇಳನದ ವೇದಿಕೆಯನ್ನೂ ಏರಿದರು. 1972ರಲ್ಲಿ ಬಾಬಾ ತೀರಿಕೊಂಡರು. ಮೇಳ ಇಂದಿಗೂ ಮೈಹರ್‌ನಲ್ಲಿದೆ.

ಆದರೆ ನೆನಪನ್ನೇ ನಂಬಿದ ಸಂಗೀತಕ್ಕೆ ಒಂದು ಅಪಾಯವಿದೆ. ನೆನಪಿಟ್ಟವರು ಹೋದರೆ ಹಾಡೂ ಹೋಗುತ್ತದೆ.

ಇಲ್ಲಿ ನಮ್ಮ ಮಾತು ಮತ್ತೆ ನಾರ್ವಕ್ಕೆ ಬರುತ್ತದೆ. ನಾವು ಶಾಲೆಯಲ್ಲಿ ಓದುವುದು ತೆಲುಗು, ಇಂಗ್ಲಿಷ್. ನಮ್ಮ ಅಜ್ಜಿಯರು ಹಾಡುವ ಕನ್ನಡ ಕೀರ್ತನೆಗಳ ಧಾಟಿ ಯಾವ ಪುಸ್ತಕದಲ್ಲೂ ಇಲ್ಲ, ಅವರ ಕಂಠದಲ್ಲಿದೆ. ಕಳೆದ ಕ್ರಿಸ್ಮಸ್‌ನಲ್ಲಿ ಹಾಡಿದ ಒಬ್ಬ ಅಜ್ಜಿ ಈ ವರ್ಷ ನಮ್ಮೊಂದಿಗಿಲ್ಲ. ಅವರ ಹಾಡಿನ ಎರಡನೆಯ ಚರಣದ ಧಾಟಿ ನಮ್ಮಲ್ಲಿ ಯಾರಿಗೂ ಬಾರದು.

ಆದ್ದರಿಂದ ಹೊಸ ಕೀಬೋರ್ಡ್ ಬರಲೆಂದು ಕಾಯುತ್ತ ಕೂರುವುದು ಬೇಡ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ. ಫೋನಿನಲ್ಲಿ ಹಾಡು ದಾಖಲಿಸೋಣ. ನುಡಿಸಲು ಏನಿದೆಯೋ ಅದನ್ನೇ ತನ್ನಿ. ಏನೂ ಇಲ್ಲದಿದ್ದರೆ ಒಂದು ತಟ್ಟೆ, ಒಂದು ಚಮಚ ಸಾಕು.