ವಿಮಾನಯಾನದ ಆತಿಥ್ಯವೂ ಪ್ರಯಾಣದರದ ನಿಯಮವೂ

ವಿಮಾನಸಂಸ್ಥೆಗಳು ಪ್ರಯಾಣಿಕರಿಗೆ ಸಲ್ಲಿಸುವ ಉಪಚಾರದಲ್ಲಿ ಕಾಣುವ ವ್ಯತ್ಯಾಸಗಳಿಗೆ ಆಯಾ ರಾಷ್ಟ್ರದ ಸ್ವಭಾವವೇ ಕಾರಣವೆಂದು ಹೇಳುವುದು ವಾಡಿಕೆ. ಒಂದು ಜನಾಂಗ ಅತಿಥಿಪ್ರಿಯವಾದುದು, ಇನ್ನೊಂದು ಜಿಪುಣವಾದುದು ಎಂದು ತೀರ್ಮಾನಿಸುವುದು ಸುಲಭ. ಆದರೆ ಇತಿಹಾಸವನ್ನು ಪರಿಶೀಲಿಸಿದಾಗ, ಉಪಚಾರದ ರೂಪವನ್ನು ಸಂಸ್ಕೃತಿ ನಿರ್ಣಯಿಸಿದ್ದರೂ ಅದರ ಪ್ರಮಾಣವನ್ನು ನಿರ್ಣಯಿಸಿದುದು ಬಹುಮಟ್ಟಿಗೆ ಪ್ರಯಾಣದರದ ನಿಯಮವೇ ಎಂಬುದು ವ್ಯಕ್ತವಾಗುತ್ತದೆ.

1945ರಲ್ಲಿ ಹವಾನಾ ನಗರದಲ್ಲಿ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘವು ಸ್ಥಾಪಿತವಾಯಿತು. ಸದಸ್ಯ ಸಂಸ್ಥೆಗಳು ಸಭೆ ಸೇರಿ ದರಗಳನ್ನು ಒಪ್ಪಿಕೊಳ್ಳುತ್ತಿದ್ದುವು. ಸರ್ಕಾರಗಳು ಅವಕ್ಕೆ ಮನ್ನಣೆ ನೀಡುತ್ತಿದ್ದುವು. ಒಂದೇ ಮಾರ್ಗಕ್ಕೆ ಎಲ್ಲರದೂ ಒಂದೇ ದರವಾದ ಮೇಲೆ ಪ್ರಯಾಣಿಕರನ್ನು ಸೆಳೆಯಲು ಉಳಿದ ಸಾಧನಗಳಲ್ಲಿ ಮುಖ್ಯವಾದುದು ಉಪಚಾರ. 1946ರಲ್ಲಿ ರೂಪುಗೊಂಡ ಏರ್ ಇಂಡಿಯಾದ ‘ಮಹಾರಾಜ’ನು ಬಾಗಿ ವಂದಿಸಿ ಸ್ವಾಗತಿಸುತ್ತಿದ್ದುದು ಇಂತಹ ಸ್ಪರ್ಧೆಯ ಕಾಲದಲ್ಲಿಯೇ.

ಈ ವ್ಯವಸ್ಥೆಯ ಒಳಗುಟ್ಟನ್ನು 1958ರ ಪ್ರಸಂಗವೊಂದು ಬಯಲುಮಾಡಿತು. ಆ ವರ್ಷದ ಏಪ್ರಿಲ್‌ನಲ್ಲಿ ಉತ್ತರ ಅಟ್ಲಾಂಟಿಕ್ ಮಾರ್ಗದಲ್ಲಿ ಕಡಿಮೆ ದರದ ಎಕಾನಮಿ ದರ್ಜೆಯು ಆರಂಭವಾಯಿತು. ಈ ದರ್ಜೆಯವರಿಗೆ ಬಿಸಿಯೂಟವಿಲ್ಲ, ಸಾದಾ ಸ್ಯಾಂಡ್‌ವಿಚ್ ಮಾತ್ರ ಎಂಬುದು ಒಪ್ಪಂದ. ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ತನ್ನ ನಾಡಿನ ಪದ್ಧತಿಯಂತೆ ಒಂದೇ ಹೋಳು ಬ್ರೆಡ್ಡಿನ ಮೇಲೆ ಬಗೆಬಗೆಯ ಭಕ್ಷ್ಯಗಳನ್ನು ಹೇರಳವಾಗಿ ಪೇರಿಸಿ ಬಡಿಸಿತು. ಇದು ಸ್ಯಾಂಡ್‌ವಿಚ್ ಅಲ್ಲ, ಊಟವೇ ಸರಿ ಎಂದು ಪ್ಯಾನ್ ಅಮೆರಿಕನ್ ಸಂಸ್ಥೆಯು ದೂರಿತು. ಸಂಘವು ದೂರನ್ನು ಮನ್ನಿಸಿ 20,000 ಡಾಲರು ದಂಡ ವಿಧಿಸಿತು. ಇಲ್ಲಿ ಅಪರಾಧವೆನಿಸಿದುದು ಜಿಪುಣತನವಲ್ಲ, ಔದಾರ್ಯ! ಅತಿಥಿಗೆ ಹೆಚ್ಚು ಬಡಿಸುವುದೂ ದರವನ್ನು ಇಳಿಸಿದಂತೆಯೇ ಎಂಬುದು ಅದರ ಹಿಂದಿನ ತರ್ಕ.

ಇದಕ್ಕೆ ಪ್ರತಿಯಾಗಿ, ಅಟ್ಲಾಂಟಿಕ್ ದರಗಳ ಕಟ್ಟಿಗೆ ಒಳಪಡದ ಐಸ್‌ಲೆಂಡಿನ ಲಾಫ್ಟ್‌ಲೇಡಿರ್ ಸಂಸ್ಥೆಯು ನಿಧಾನಗತಿಯ ವಿಮಾನಗಳಲ್ಲಿ ಅಗ್ಗದ ಪ್ರಯಾಣವನ್ನು ಒದಗಿಸಿ, ಬಡ ವಿದ್ಯಾರ್ಥಿಗಳೂ ಸಾಗರವನ್ನು ದಾಟುವಂತೆ ಮಾಡಿತು. ಊಟವನ್ನು ಬಿಟ್ಟಾದರೂ ಹಣ ಉಳಿಸಬೇಕೆಂಬ ಪ್ರಯಾಣಿಕನಿಗೆ ಏಕದರದ ವ್ಯವಸ್ಥೆಯಲ್ಲಿ ಅಂತಹ ಆಯ್ಕೆ ಇರಲಿಲ್ಲವೆಂಬುದನ್ನು ಮರೆಯಲಾಗದು. ಉಳ್ಳವರ ಸತ್ಕಾರದ ವೆಚ್ಚವು ಅವನ ಟಿಕೆಟಿನಲ್ಲಿಯೂ ಅಡಗಿತ್ತು.

1978ರಲ್ಲಿ ಅಮೆರಿಕವು ತನ್ನ ಒಳನಾಡಿನ ವಿಮಾನದರಗಳ ಮೇಲಿನ ನಿಯಂತ್ರಣವನ್ನು ಸಡಿಲಿಸುವ ಶಾಸನವನ್ನು ಮಾಡಿದ ತರುವಾಯ ಸ್ಪರ್ಧೆಯು ತಟ್ಟೆಯಿಂದ ಟಿಕೆಟಿಗೆ ವರ್ಗವಾಯಿತು. ಭಾರತದಲ್ಲಿ ಸರ್ಕಾರಿ ಸಂಸ್ಥೆಗಳ ಏಕಸ್ವಾಮ್ಯವು 1994ರಲ್ಲಿ ಶಾಸನರೀತ್ಯಾ ಕೊನೆಗೊಂಡ ಮೇಲೆ ಇದೇ ಬದಲಾವಣೆಯು ಬೆಂಗಳೂರಿನಲ್ಲಿಯೂ ಕಂಡಿತು. 2003ರಲ್ಲಿ ಹಾರಾಟವನ್ನು ಆರಂಭಿಸಿದ ಏರ್ ಡೆಕ್ಕನ್ ದರವನ್ನು ತಗ್ಗಿಸಿ ತಿಂಡಿಯನ್ನು ಮಾರಿತು. 2005ರಲ್ಲಿ ಬಂದ ಕಿಂಗ್‌ಫಿಷರ್ ಉಚಿತ ಭೋಜನ ಹಾಗೂ ಮನರಂಜನೆಗಳಿಂದ ಪ್ರಯಾಣಿಕರನ್ನು ಒಲಿಸಲೆತ್ನಿಸಿತು. ಒಂದೇ ನಗರ, ಒಂದೇ ಸಂಸ್ಕೃತಿ. ಆದರೂ ಆತಿಥ್ಯ ಮಾತ್ರ ಎರಡು ಬಗೆ.

ಆದುದರಿಂದ ವಿಮಾನದ ತಟ್ಟೆಯನ್ನು ನೋಡಿ ಜನಾಂಗದ ಗುಣವನ್ನು ಅಳೆಯುವುದು ಸಾಧುವಲ್ಲ. ಆ ತಟ್ಟೆಯ ಬೆಲೆಯನ್ನು ಯಾರು ತೆರುತ್ತಿದ್ದರು, ಬೇಡವೆನ್ನುವ ಹಕ್ಕು ಯಾರಿಗಿತ್ತು ಎಂಬುದೇ ಚರಿತ್ರಕಾರನು ಮೊದಲು ವಿಚಾರಿಸಬೇಕಾದ ಪ್ರಶ್ನೆ.