ಇಗರ್ಜಿಯೊಳಗೆ ಗಿಟಾರು: ಒಂದು ಸಿಂಹಾವಲೋಕನ



ಗೋಕರ್ಣದ ಓಂ ಬೀಚಿನ ಬಂಡೆಗಳ ಮೇಲೆ ಕುಳಿತು ನಮ್ಮ ಯುವಜನರು ಗಿಟಾರು ನುಡಿಸುತ್ತ ಸ್ತುತಿಗೀತೆ ಹಾಡಿದರೆ ಯಾರ ಆಕ್ಷೇಪವೂ ಇಲ್ಲ. ಅದೇ ಗಿಟಾರು ಭಾನುವಾರದ ಬಲಿಪೂಜೆಗೆ ಬಂದಿತೆಂದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಈ ವಿವಾದದ ಹಿನ್ನೆಲೆಯನ್ನು ಅರಿಯುವುದು ಉಚಿತವೆಂದು ಭಾವಿಸುತ್ತೇನೆ.

ಹಿರಿಯರ ಅಳುಕು ನಿರಾಧಾರವಲ್ಲ. 1903ರಲ್ಲಿ ಜಗದ್ಗುರು ಹತ್ತನೆಯ ಪಿಯುಸ್‌ರವರು ಪಿಯಾನೊವನ್ನೂ ಡೋಲು, ತಾಳಗಳಂಥ ಗದ್ದಲದ ವಾದ್ಯಗಳನ್ನೂ ದೇವಾಲಯದಲ್ಲಿ ನಿಷೇಧಿಸಿದರು. 1958ರಲ್ಲಿ ರೋಮಿನಿಂದ ಹೊರಟ ಸೂಚನೆಯು ಗ್ರಾಮಫೋನು, ರೇಡಿಯೊ, ಟೇಪ್ ರೆಕಾರ್ಡರುಗಳನ್ನು ಆರಾಧನೆಯಲ್ಲಿ ಬಳಸಲೇಕೂಡದೆಂದು ವಿಧಿಸಿತು. ಆರಾಧನೆಯ ಹೊರಗೆ ಹಾಡು ಕಲಿಸಲು ಅವುಗಳಿಗೆ ಅಡ್ಡಿಯಿರಲಿಲ್ಲ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರ್ಗನ್ನಿಗೆ ಹಿರಿಮೆಯ ಸ್ಥಾನವನ್ನು ಉಳಿಸಿ, ಆರಾಧನೆಯ ಘನತೆಗೆ ಒಪ್ಪುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಫಿಲಿಪ್ಸ್ ಕಂಪನಿಯ ಪುಟ್ಟ ಕ್ಯಾಸೆಟ್ಟು ಲೋಕಕ್ಕೆ ಪರಿಚಯವಾದುದೂ ಅದೇ ವರ್ಷ. ವಾದ್ಯವು ಭಕ್ತರ ಕಂಠವನ್ನು ಮುಳುಗಿಸಬಾರದೆಂದು 1967ರ ಸೂಚನೆ ಸ್ಪಷ್ಟಪಡಿಸಿತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಕ್ರೈಸ್ತ ರಾಕ್ ಸಂಗೀತ ತಲೆಯೆತ್ತಿತು. ಲ್ಯಾರಿ ನಾರ್ಮನ್ 1969ರಲ್ಲಿ ಹೊರತಂದ ‘ಅಪಾನ್ ದಿಸ್ ರಾಕ್’ ಎಂಬ ಧ್ವನಿಮುದ್ರಿಕೆಯ ಹೆಸರು, ಯೇಸುಸ್ವಾಮಿ ಸಂತ ಪೇತ್ರರಿಗೆ ನುಡಿದ ಮಾತನ್ನು ನೆನಪಿಸುತ್ತದೆ. 1972ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ತಂಡವೊಂದು ‘ಪೆಟ್ರಾ’ ಎಂದೇ ಹೆಸರಿಟ್ಟುಕೊಂಡಿತು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಬಂಡೆ ಎಂದರ್ಥ. ಅದು ಕಥೋಲಿಕರ ತಂಡವಲ್ಲವಾದರೂ ಅದರ ಇತಿಹಾಸ ಬೋಧಪ್ರದ. 1974ರ ಮೊದಲ ಮುದ್ರಿಕೆಯಲ್ಲಿ ಗಿಟಾರಿನ ಅಬ್ಬರವಿತ್ತು. ಎಂಬತ್ತರ ದಶಕದಲ್ಲಿ ಸಿಂಥಸೈಜರಿನ ನಾದ ಸೇರಿತು. 1989ರಲ್ಲಾದರೋ ಆ ತಂಡ ಸಭೆಗಳಲ್ಲಿ ಜನರೇ ಹಾಡುವಂಥ ಸ್ತುತಿಗೀತೆಗಳ ಸಂಪುಟವೊಂದನ್ನು ಮುದ್ರಿಸಿತು. ನಾದ ಎಷ್ಟು ಬದಲಾದರೂ ಕಡೆಗೆ ಅದು ಜನರ ಬಾಯಿಯನ್ನೇ ಅರಸಿತು.

ನಮ್ಮ ಕರಾವಳಿಯ ಕಥೆಯೂ ಇದಕ್ಕೆ ದೂರವಲ್ಲ. ‘ಕೊಂಕಣ್ ಕೋಗುಳ್’ ಎಂದು ಖ್ಯಾತರಾದ ವಿಲ್ಫಿ ರೆಬಿಂಬಸ್ (1942-2010) ಅವರ ಹಾಡುಗಳನ್ನು ಕ್ಯಾಸೆಟ್ಟುಗಳು ಮನೆಮನೆಗೆ ಮುಟ್ಟಿಸಿದವು. 1986ರಲ್ಲಿ ಎರಿಕ್ ಒಝೇರಿಯೊ ಮತ್ತು ಸಂಗಡಿಗರು ಮಂಗಳೂರಿನಲ್ಲಿ ಆರಂಭಿಸಿದ ಮಾಂಡ್ ಸೊಭಾಣ್, ಗುಮಟೆಯಂಥ ನೆಲದ ವಾದ್ಯಗಳಿಗೆ ಮತ್ತೆ ಗೌರವ ತಂದಿತು. 2008ರ ಜನವರಿ 26 ಮತ್ತು 27ರಂದು ಅದರ ಆಶ್ರಯದಲ್ಲಿ 40 ಗಂಟೆಗಳ ಕಾಲ ನಿರಂತರವಾಗಿ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆ ಸ್ಥಾಪಿಸಿದರು. ಮುದ್ರಿಕೆಯ ಯುಗದಲ್ಲಿಯೂ ಆ ದಾಖಲೆಯನ್ನು ಬರೆದದ್ದು ಜೀವಂತ ಕಂಠಗಳೇ.

ಗುರುಮಠದಲ್ಲಿ ಗ್ರೆಗೋರಿಯನ್ ಗಾನವನ್ನು ಕಲಿತ ನಾನು ಬಹುಕಾಲ ಗಿಟಾರನ್ನು ಒಪ್ಪಿದವನಲ್ಲ. ಹಿಂದೆ ನಾನು ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ಹಬ್ಬದ ದಿನ, ಕೀಬೋರ್ಡಿನಲ್ಲಿ ಮೊದಲೇ ತುಂಬಿಸಿಟ್ಟ ಸಂಗೀತಕ್ಕೆ ಗಾನವೃಂದ ಹಾಡುತ್ತಿತ್ತು. ಭಕ್ತಾದಿಗಳು ಕೈಕಟ್ಟಿ ಕೇಳುತ್ತಿದ್ದರು. ಕಾಣಿಕೆಯ ಗೀತೆಯ ನಡುವೆ ಕರೆಂಟು ಹೋಯಿತು. ಮೈಕು, ಕೀಬೋರ್ಡು ಎರಡೂ ಮೂಕವಾದವು; ಗಾನವೃಂದವೂ ತಬ್ಬಿಬ್ಬಾಯಿತು. ಆಗ ಮೂಲೆಯಲ್ಲಿದ್ದ ಹುಡುಗನೊಬ್ಬ ಸಾದಾ ಗಿಟಾರಿನಲ್ಲಿ ಶ್ರುತಿ ಕೊಟ್ಟ. ಮೊದಲು ಹೆಂಗಸರು, ಆಮೇಲೆ ಗಂಡಸರು ದನಿಗೂಡಿಸಿದರು. ಆ ದಿನ ಇಡೀ ಇಗರ್ಜಿ ಹಾಡಿತು. ನಾನು ಅಂಜಬೇಕಾದದ್ದು ಗಿಟಾರಿಗಲ್ಲ, ಜನರ ಮೌನಕ್ಕೆ ಎಂಬುದು ಬಲಿಪೀಠದ ಮುಂದೆ ನಿಂತಿದ್ದ ನನಗೆ ಆಗ ಮನವರಿಕೆಯಾಯಿತು.

ಆದುದರಿಂದ ಯುವಕರಲ್ಲಿ ನನ್ನ ವಿನಂತಿ: ಗಿಟಾರು ತನ್ನಿ, ಮೊಬೈಲಿನ ಸಂಗೀತವನ್ನು ಅಭ್ಯಾಸದ ಕೋಣೆಯಲ್ಲೇ ಬಿಟ್ಟುಬನ್ನಿ. ಹಿರಿಯರಲ್ಲಿಯೂ ವಿನಂತಿ: ಅವರು ಶ್ರುತಿ ಕೊಟ್ಟಾಗ ಬಾಯಿ ತೆರೆಯಿರಿ. ನೂರು ವರ್ಷ ನಮ್ಮ ಹಿರಿಯರ ಸ್ತುತಿಯನ್ನು ಕೇಳಿದ ಈ ಗೋಡೆಗಳು ಮುಂದೆಯೂ ನಮ್ಮದೇ ದನಿಯನ್ನು ಕೇಳುವಂತಾಗಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.